ಹತ್ತು ವರ್ಷದ ಲ್ಯಾಪ್‌ಟಾಪಿನ ಖರ್ಚುವೆಚ್ಚ

ಲ್ಯಾಪ್‌ಟಾಪನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಸ್ವತ್ತೆಂದು ಬರೆಯಬೇಕೋ ಖರ್ಚೆಂದು ಬರೆಯಬೇಕೋ ಎಂಬ ಪ್ರಶ್ನೆಗೆ ತೆರಿಗೆ ಕಾನೂನು ಕೊಡುವ ಉತ್ತರ ಒಂದಾದರೆ, ಅದೇ ಯಂತ್ರವನ್ನು ಹತ್ತು ವರ್ಷ ದುಡಿಸಿಕೊಂಡವರು ಕೊಡುವ ಉತ್ತರ ಇನ್ನೊಂದು. ಬಳಕೆಯಿಂದ ಸ್ವತ್ತಿನ ಮೌಲ್ಯ ವರ್ಷವರ್ಷವೂ ಕುಗ್ಗುವುದನ್ನು ಸವಕಳಿ ಎನ್ನುತ್ತಾರೆ. ವೃತ್ತಿಗಾಗಿ ಕೊಂಡ ಕಂಪ್ಯೂಟರಿನ ಸವಕಳಿಯನ್ನು ಆದಾಯದಿಂದ ಕಳೆದು ತೋರಿಸಲು ಆದಾಯ ತೆರಿಗೆ ನಿಯಮಗಳು ಅವಕಾಶ ಕೊಡುತ್ತವೆ. ಹಿಂದೆ ಶೇ 60ರಷ್ಟಿದ್ದ ಈ ದರ 2017ರ ಏಪ್ರಿಲ್‌ನಿಂದ ಶೇ 40ಕ್ಕೆ ಇಳಿದಿದ್ದು, ಪ್ರತಿ ವರ್ಷವೂ ಉಳಿದ ಮೌಲ್ಯದ ಮೇಲೆ ಅದನ್ನು ಲೆಕ್ಕ ಹಾಕುವುದರಿಂದ, 60,000 ರೂಪಾಯಿಯ ಲ್ಯಾಪ್‌ಟಾಪಿಗೆ ಮೊದಲ ವರ್ಷ 24,000, ಎರಡನೆಯ ವರ್ಷ 14,400, ಮೂರನೆಯ ವರ್ಷ 8,640 ರೂಪಾಯಿ ಕಳೆದು ಪುಸ್ತಕದಲ್ಲಿ 12,960 ರೂಪಾಯಿ ಮಾತ್ರ ಉಳಿಯುತ್ತದೆ. ಕಾನೂನಿನ ಕಣ್ಣಿಗೆ ಹೀಗೆ ಮೂರೇ ವರ್ಷದಲ್ಲಿ ಮುದಿಯಾಗುವ ಯಂತ್ರ ಮೇಜಿನ ಮೇಲೆ ಆಗಿನ್ನೂ ಹದವಾಗಿ ಕೆಲಸ ಮಾಡುತ್ತಿರುತ್ತದೆ. ಸಂಬಳದಾರರಿಗೆ ಈ ಸವಕಳಿಯ ಅನುಕೂಲ ಇಲ್ಲವೇ ಇಲ್ಲ. ವೃತ್ತಿಯಿಂದ ಬಂದ ಒಟ್ಟು ಹಣದ ಅರ್ಧವನ್ನೇ ಆದಾಯವೆಂದು ಘೋಷಿಸುವ ಅಂದಾಜು ಪದ್ಧತಿಯನ್ನು ಆರಿಸಿಕೊಂಡ ವಕೀಲರು, ವೈದ್ಯರು ಮೊದಲಾದ ವೃತ್ತಿನಿರತರಿಗೂ ಅದು ಪ್ರತ್ಯೇಕವಾಗಿ ಸಿಗುವುದಿಲ್ಲ. ಆದ್ದರಿಂದ ಬಹುಪಾಲು ಓದುಗರಿಗೆ ಬೇಕಾಗಿರುವುದು ತೆರಿಗೆಯ ಲೆಕ್ಕಕ್ಕಿಂತ, ಕೈಯಿಂದ ನಿಜವಾಗಿ ಹೊರಟುಹೋಗುವ ಹಣದ ಲೆಕ್ಕ.

ಆ ಲೆಕ್ಕಕ್ಕೆ ಪ್ರಸ್ತುತ ಲೇಖಕನ ಲ್ಯಾಪ್‌ಟಾಪನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 2014ರಲ್ಲಿ 48,000 ರೂಪಾಯಿಗೆ ಕೊಂಡ ಈ ಯಂತ್ರಕ್ಕೆ ಮುಂದಿನ ಹತ್ತು ವರ್ಷಗಳಲ್ಲಿ ಎರಡು ಬ್ಯಾಟರಿಗೆ 6,000, ಎಸ್‌ಎಸ್‌ಡಿಗೆ 4,000, ಹೆಚ್ಚುವರಿ ರ‍್ಯಾಮ್‌ಗೆ 3,200, ಹಿಂಜ್ ರಿಪೇರಿಗೆ 2,200, ಕೀಬೋರ್ಡಿಗೆ 1,800, ಚಾರ್ಜರಿಗೆ 1,500, ಫ್ಯಾನ್ ಸ್ವಚ್ಛಗೊಳಿಸಿ ಥರ್ಮಲ್ ಪೇಸ್ಟ್ ಬದಲಿಸಲು 800, ಹೀಗೆ ಒಟ್ಟು 19,500 ರೂಪಾಯಿ ಖರ್ಚಾಗಿದೆ. ಎರಡನ್ನೂ ಕೂಡಿಸಿ ಹತ್ತರಿಂದ ಭಾಗಿಸಿದರೆ ವರ್ಷಕ್ಕೆ 6,750 ರೂಪಾಯಿ ಬೀಳುತ್ತದೆಯಾದರೂ, ಈ ಸರಾಸರಿ ಅಂಕಿ ಒಂದು ಮುಖ್ಯ ಸಂಗತಿಯನ್ನು ಮುಚ್ಚಿಡುತ್ತದೆ. ನಾಲ್ಕು ವರ್ಷಕ್ಕೇ ಮಾರಿದ್ದರೆ ಆಗಿನ ದರದಲ್ಲಿ 12,000 ರೂಪಾಯಿ ಬರುತ್ತಿತ್ತು. ಆ ಅವಧಿಯಲ್ಲಿ ಹಾಕಿಸಿದ ಮೊದಲ ಬ್ಯಾಟರಿಯ 3,000 ರೂಪಾಯಿಯನ್ನು ಸೇರಿಸಿದರೆ ಮೊದಲ ನಾಲ್ಕು ವರ್ಷಗಳ ನಿವ್ವಳ ವೆಚ್ಚ 39,000, ಅಂದರೆ ವರ್ಷಕ್ಕೆ 9,750. ನಂತರದ ಆರು ವರ್ಷಗಳಿಗೆ ಉಳಿದ ರಿಪೇರಿಯ 16,500 ರೂಪಾಯಿಯ ಜೊತೆಗೆ, ಮಾರದೆ ಇಟ್ಟುಕೊಂಡದ್ದರಿಂದ ಕೈತಪ್ಪಿದ ಆ 12,000 ರೂಪಾಯಿಯನ್ನೂ ಖರ್ಚೆಂದೇ ಬರೆಯಬೇಕು. ಹೀಗೆ ಬೇರೆ ದಾರಿ ಹಿಡಿದಿದ್ದರೆ ಸಿಗಬಹುದಾಗಿದ್ದ ಹಣವನ್ನು ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎನ್ನುತ್ತಾರೆ. ಅಷ್ಟನ್ನೂ ಸೇರಿಸಿದ ಮೇಲೂ ಈ ಆರು ವರ್ಷಗಳಿಗೆ ತಗುಲಿದ್ದು ವರ್ಷಕ್ಕೆ 4,750 ರೂಪಾಯಿ, ಮೊದಲ ನಾಲ್ಕು ವರ್ಷಗಳ ವಾರ್ಷಿಕ ವೆಚ್ಚದ ಅರ್ಧಕ್ಕಿಂತ ಕಡಿಮೆ.

ರಿಪೇರಿಯ ಖರ್ಚು ಹೊಸ ಯಂತ್ರದ ಬೆಲೆಯ ಅರ್ಧವನ್ನು ದಾಟಿದರೆ ಹೊಸದನ್ನೇ ಕೊಳ್ಳಬೇಕೆಂಬ ಮಾತು ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಈ ಸೂತ್ರದಲ್ಲಿ ಕಾಲದ ಲೆಕ್ಕವೇ ಇಲ್ಲದಿರುವುದರಿಂದ ಅದನ್ನು ನೆಚ್ಚಿಕೊಳ್ಳುವಂತಿಲ್ಲ. 3,000 ರೂಪಾಯಿಯ ಬ್ಯಾಟರಿ ಮೂರು ವರ್ಷ ಬಾಳುವುದಾದರೆ ಅದು ವರ್ಷಕ್ಕೆ 1,000 ರೂಪಾಯಿಯ ಬಾಬತ್ತು, ಎಂಟು ತಿಂಗಳಿಗೇ ಕೈಕೊಡುವ 1,500 ರೂಪಾಯಿಯ ಬ್ಯಾಟರಿ ವರ್ಷಕ್ಕೆ 2,250 ರೂಪಾಯಿಯ ಬಾಬತ್ತು.

ಬ್ಯಾಟರಿಯ ವಿಷಯವನ್ನು ಇನ್ನಷ್ಟು ವಿವರಿಸಬೇಕು, ಏಕೆಂದರೆ ಲ್ಯಾಪ್‌ಟಾಪಿನಲ್ಲಿ ಸವೆದೇ ತೀರುವ ಭಾಗ ಅದು. ಲಿಥಿಯಂ ಅಯಾನ್ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಪೂರ್ಣ ಚಾರ್ಜ್ ಆವರ್ತನಗಳ ನಂತರ ತನ್ನ ಮೂಲ ಸಾಮರ್ಥ್ಯದ ಐದನೆಯ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಬಿಸಿ ಮತ್ತು ಸದಾ ಶೇ 100ರಲ್ಲಿ ಚಾರ್ಜ್ ಆಗಿಯೇ ಇರುವ ಸ್ಥಿತಿ, ಇವೆರಡೂ ಅದರ ಮುಪ್ಪನ್ನು ಬೇಗ ತರುತ್ತವೆ. ಮೇಜಿನ ಮೇಲೆ ಸದಾ ಪ್ಲಗ್ ಹಾಕಿಯೇ ಬಳಸುವವರು, ತಮ್ಮ ಯಂತ್ರದಲ್ಲಿ ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವ ಸೌಲಭ್ಯವಿದ್ದರೆ ಅದನ್ನು ಬಳಸುವುದರಿಂದ ಒಂದು ಪೈಸೆ ಖರ್ಚಿಲ್ಲದೆ ಅದರ ಆಯುಸ್ಸನ್ನು ಹೆಚ್ಚಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಹಳೆಯ ಮಾದರಿಯ ಬ್ಯಾಟರಿ ಕೇಳಿದರೆ ಒರಿಜಿನಲ್, ಕಂಪ್ಯಾಟಿಬಲ್ ಎಂದು ಎರಡು ದರ ಹೇಳುತ್ತಾರೆ; ಆದರೆ ಡಬ್ಬದೊಳಗೆ ಇದ್ದಲ್ಲೇ ಇದ್ದರೂ ಬ್ಯಾಟರಿ ಹಳತಾಗುವುದರಿಂದ, ಐದು ವರ್ಷ ಕಪಾಟಿನಲ್ಲಿ ಕುಳಿತ ಒರಿಜಿನಲ್‌ಗಿಂತ ಈಚೆಗೆ ತಯಾರಾದ ಒಳ್ಳೆಯ ಕಂಪ್ಯಾಟಿಬಲ್ಲೇ ಮೇಲಾಗಬಹುದು, ಹಾಗಾಗಿ ಲೇಬಲ್ಲಿನ ಮೇಲಿನ ತಯಾರಿಕೆಯ ದಿನಾಂಕವನ್ನು ಓದದೆ ಹಣ ಕೊಡಬಾರದು. ಟಚ್‌ಪ್ಯಾಡ್ ಒಂದು ಕಡೆ ಎದ್ದುಕೊಂಡು ಕ್ಲಿಕ್ ಸರಿಯಾಗಿ ಆಗದಿದ್ದರೆ ಟಚ್‌ಪ್ಯಾಡನ್ನು ದೂಷಿಸುವ ಮುನ್ನ ಅದರ ಕೆಳಗಿನ ಬ್ಯಾಟರಿ ಊದಿಕೊಂಡಿದೆಯೇ ಎಂದು ನೋಡಿಸಬೇಕು. ಊದಿದ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯವಿರುವುದರಿಂದ ಅದನ್ನು ಮತ್ತೆ ಚಾರ್ಜ್ ಮಾಡಬಾರದು.

ಹಿಂಜ್ ಎಂದರೆ ಪರದೆಯನ್ನು ಕೆಳಗಿನ ದೇಹಕ್ಕೆ ಜೋಡಿಸುವ ಲೋಹದ ತಿರುಗಣೆ. ಲೋಹವಂತೂ ಅಪರೂಪಕ್ಕೆ ಮುರಿಯುತ್ತದೆ. ಅದರ ಸ್ಕ್ರೂಗಳು ಕಚ್ಚಿಕೊಂಡಿರುವ ಸಣ್ಣ ಹಿತ್ತಾಳೆಯ ನಟ್ಟುಗಳು ಪ್ಲಾಸ್ಟಿಕ್‌ನಿಂದ ಕಿತ್ತುಬರುವುದೇ ಮಾಮೂಲು ತೊಂದರೆ. ಪರದೆಯನ್ನು ಒಂದೇ ಮೂಲೆ ಹಿಡಿದು ಎತ್ತುವ ಅಭ್ಯಾಸ ಮತ್ತು ಕಾಲಾಂತರದಲ್ಲಿ ಬಿಗಿಯಾಗುವ ತಿರುಗಣೆ, ಇವೆರಡೂ ಸೇರಿ ಆ ನಟ್ಟನ್ನು ಸಡಿಲಿಸುತ್ತವೆ, ಮೊದಲು ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತದೆ, ತೆರೆಯುವಾಗ ಟಕ್ ಎಂಬ ಸದ್ದು ಬರುತ್ತದೆ. ಆ ಹಂತದಲ್ಲೇ ತೋರಿಸಿದರೆ ನಟ್ಟನ್ನು ಅರಾಲ್ಡೈಟ್‌ನಿಂದ ಕೂರಿಸಿ ಕೆಲವು ನೂರು ರೂಪಾಯಿಯಲ್ಲಿ ಮುಗಿಸಬಹುದಾದ ಕೆಲಸ, ಮುಂದಕ್ಕೆ ಹಾಕಿದರೆ ಪೂರ್ತಿ ಕವಚವನ್ನೇ ಬದಲಿಸುವವರೆಗೆ, ಕೆಲವೊಮ್ಮೆ ಪರದೆಯ ಕೇಬಲ್ ತುಂಡಾಗುವವರೆಗೆ ಬೆಳೆಯುತ್ತದೆ.

ಮೇಲಿನ ಪಟ್ಟಿಯಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಕೊಟ್ಟದ್ದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಗಳಿಲ್ಲದೆ ಚಿಪ್‌ಗಳಲ್ಲಿ ಮಾಹಿತಿಯನ್ನು ಇಡುವ ಸಾಧನ. ಹಾರ್ಡ್ ಡಿಸ್ಕ್ ಇದ್ದಾಗ ಪ್ರೊಸೆಸರ್ ಸುಮ್ಮನೆ ಕಾಯುತ್ತಿತ್ತೇ ಹೊರತು ಅದಕ್ಕೆ ಶಕ್ತಿಯ ಕೊರತೆ ಇರಲಿಲ್ಲವಾದ್ದರಿಂದ, ನಿಧಾನವಾಯಿತೆಂದು ಮಾರಾಟಕ್ಕೆ ಇಟ್ಟ ಎಷ್ಟೋ ಯಂತ್ರಗಳಿಗೆ ಬೇಕಾಗಿರುವುದು ಇದೊಂದು ಬದಲಾವಣೆ ಮಾತ್ರ.

ಯಂತ್ರಾಂಗ ಗಟ್ಟಿಯಾಗಿದ್ದರೂ ತಂತ್ರಾಂಶ ಕೈಬಿಡುವುದುಂಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಸ್ಥೂಲವಾಗಿ ಇಂಟೆಲ್‌ನ ಎಂಟನೆಯ ಪೀಳಿಗೆಯ ಹಾಗೂ ನಂತರದ ಪ್ರೊಸೆಸರ್‌ಗಳನ್ನು ಮಾತ್ರ ಅಧಿಕೃತವಾಗಿ ಒಪ್ಪುವುದರಿಂದ 2014ರ ಯಂತ್ರಕ್ಕೆ ಅಲ್ಲಿ ಜಾಗವಿಲ್ಲ. ಭದ್ರತಾ ತಿದ್ದುಪಡಿ ಬಾರದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಉಳಿತಾಯ ಎನಿಸುವುದಿಲ್ಲ. ಲಿನಕ್ಸ್ ಮಿಂಟ್‌ನಂಥ ಉಚಿತ ಕಾರ್ಯಾಚರಣ ವ್ಯವಸ್ಥೆಗೆ ಬದಲಾದರೆ ಈ ತೊಡಕು ನೀಗುತ್ತದೆ, ಕನ್ನಡದ ಕಗಪ ಕೀಲಿಮಣೆಯೂ ಅದರಲ್ಲಿ ದೊರೆಯುತ್ತದೆ. ಆದರೆ ಕನ್ನಡದಲ್ಲಿ ಬರೆದು ಬದುಕುವವರಿಗೆ ಬೇರೊಂದು ಬಾಕಿ ಇದೆ. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಉಳಿಸಿದ ಕಡತಗಳು ಆ ಫಾಂಟ್ ಇಲ್ಲದ ಕಡೆ ರೋಮನ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಅವನ್ನು ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದುವ ಶ್ರಮಕ್ಕೆ ಯಾವ ಅಂಗಡಿಯೂ ಬಿಲ್ ಕೊಡುವುದಿಲ್ಲವಾದರೂ ಅದು ಯಂತ್ರ ಬದಲಿಸುವ ವೆಚ್ಚದ ಭಾಗವೇ ಸರಿ.

ಇಷ್ಟು ದೀರ್ಘ ಬಾಳಿಕೆ ಕೊಳ್ಳುವ ದಿನವೇ ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಇಂದಿನ ಅನೇಕ ತೆಳು ಮಾದರಿಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ, ನಂತರ ಹೆಚ್ಚಿಸಲು ಬರುವುದಿಲ್ಲ. ಆದ್ದರಿಂದ ಖಾಲಿ ರ‍್ಯಾಮ್ ಸ್ಲಾಟ್, ಸ್ಕ್ರೂ ಬಿಚ್ಚಿ ತೆಗೆಯಬಹುದಾದ ಬ್ಯಾಟರಿ, ಬದಲಿಸಬಹುದಾದ ಎಸ್‌ಎಸ್‌ಡಿ ಇರುವ ಮಾದರಿಗೆ ನಾಲ್ಕೈದು ಸಾವಿರ ಹೆಚ್ಚು ಕೊಡುವುದು, ಅಷ್ಟೇ ಹಣವನ್ನು ವಿಸ್ತರಿತ ವಾರಂಟಿಗೆ ಕಟ್ಟುವುದಕ್ಕಿಂತ ಬುದ್ಧಿವಂತಿಕೆಯ ಕೆಲಸ. ಮದರ್‌ಬೋರ್ಡ್ ಕೆಟ್ಟಾಗ ಮಾತ್ರ ಹಳೆಯ ಯಂತ್ರದ ಖಾತೆಯನ್ನು ಮುಚ್ಚುವುದು ಲೇಸು, ಏಕೆಂದರೆ ಅಲ್ಲಿ ರಿಪೇರಿ ಎಷ್ಟು ಕಾಲ ನಿಲ್ಲುತ್ತದೆಂದು ರಿಪೇರಿ ಮಾಡುವವರೇ ಹೇಳಲಾರರು. ಆಗಲೂ ಎಸ್‌ಎಸ್‌ಡಿಯನ್ನು ಬಿಚ್ಚಿ ಇಟ್ಟುಕೊಂಡು, ಉಳಿದದ್ದನ್ನು ಗುಜರಿಗೆ ಹಾಕದೆ ನೋಂದಾಯಿತ ಇ-ತ್ಯಾಜ್ಯ ಮರುಬಳಕೆ ಘಟಕಕ್ಕೆ ಕೊಡತಕ್ಕದ್ದು.