ಕೈ ಗ್ರೈಂಡರ್‌ನ ಸುರಕ್ಷಿತ ಬಳಕೆ: ಕಾಮಗಾರಿ ಸ್ಥಳದಲ್ಲಿ ಸದಸ್ಯರು ಗಮನಿಸಬೇಕಾದ ಸಂಗತಿಗಳು

ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ

ಪಾಠದ ಉದ್ದೇಶ: ಈ ಪಾಠವನ್ನು ಓದಿದ ಸದಸ್ಯರು (ಅ) ಕೈ ಗ್ರೈಂಡರ್‌ನಿಂದ ಅಪಾಯ ಹೇಗೆ ಉಂಟಾಗುತ್ತದೆ ಎಂಬುದನ್ನು ಅರಿಯುವರು, (ಆ) ಕಾಮಗಾರಿ ಸ್ಥಳದಲ್ಲಿ ಯಂತ್ರವನ್ನು ಕಣ್ಣಳತೆಯಲ್ಲಿಯೇ ಪರಿಶೀಲಿಸಬಲ್ಲವರಾಗುವರು, (ಇ) ಪಂಚಾಯತಿ ಮಟ್ಟದಲ್ಲಿ ಕೈಗೊಳ್ಳಬೇಕಾದ ಕ್ರಮಗಳನ್ನು ಸಭೆಯಲ್ಲಿ ಮಂಡಿಸಬಲ್ಲವರಾಗುವರು.

1. ಪೀಠಿಕೆ

ಗ್ರಾಮ ಪಂಚಾಯತಿ ವ್ಯಾಪ್ತಿಯ ಕಾಮಗಾರಿಗಳಲ್ಲಿ ಕೈ ಗ್ರೈಂಡರ್ ಬಳಸದ ಕಾಮಗಾರಿ ವಿರಳ. ಮನೆ ಮನೆಗೆ ಗಂಗೆ ಯೋಜನೆಯ ನಲ್ಲಿ ಸಂಪರ್ಕಕ್ಕಾಗಿ ಕಾಂಕ್ರೀಟ್ ರಸ್ತೆಯನ್ನು ಸೀಳುವಾಗ, ಅಂಗನವಾಡಿಯ ಕಿಟಕಿಗೆ ಸರಳು ಕತ್ತರಿಸುವಾಗ, ಶಾಲೆಯ ಗೇಟಿನ ಬೆಸುಗೆಯನ್ನು ನಯಗೊಳಿಸುವಾಗ, ಶೌಚಾಲಯಕ್ಕೆ ಟೈಲ್ಸ್ ಕೂರಿಸುವಾಗ ಇದೇ ಯಂತ್ರ ಕಾರ್ಮಿಕನ ಕೈಯಲ್ಲಿರುತ್ತದೆ. ಬೆಲೆ ಕಡಿಮೆ, ತೂಕ ಕಡಿಮೆ, ಕೆಲಸ ವೇಗ. ಆದುದರಿಂದಲೇ ತರಬೇತಿ ಇಲ್ಲದವರ ಕೈಗೂ ಅದು ಸುಲಭವಾಗಿ ಸೇರುತ್ತದೆ.

ಕಾಮಗಾರಿ ವೀಕ್ಷಣೆಗೆ ತೆರಳುವ ಸದಸ್ಯರು ಸಿಮೆಂಟಿನ ಪ್ರಮಾಣವನ್ನು ಕೇಳುತ್ತಾರೆ, ಕಬ್ಬಿಣದ ದಪ್ಪವನ್ನು ನೋಡುತ್ತಾರೆ, ಕ್ಯೂರಿಂಗ್ ಸರಿಯಾಗಿ ನಡೆದಿದೆಯೇ ಎಂದು ವಿಚಾರಿಸುತ್ತಾರೆ. ಯಂತ್ರದ ಸ್ಥಿತಿ ಮಾತ್ರ ಗುತ್ತಿಗೆದಾರನಿಗೆ ಬಿಟ್ಟ ವಿಷಯವೆಂದು ಭಾವಿಸಲಾಗುತ್ತದೆ. ವಾಸ್ತವವಾಗಿ, ಕಾಂಕ್ರೀಟಿನ ಗುಣಮಟ್ಟವನ್ನು ಬರಿಗಣ್ಣಿನಿಂದ ಅಳೆಯುವುದು ಕಷ್ಟ. ಗ್ರೈಂಡರ್‌ನ ದೋಷಗಳಲ್ಲಿ ಹೆಚ್ಚಿನವು ಬರಿಗಣ್ಣಿಗೇ ಕಾಣುವಂಥವು. ಅವುಗಳನ್ನು ಗುರುತಿಸಲು ತಾಂತ್ರಿಕ ಪದವಿ ಬೇಕಿಲ್ಲ; ಎರಡು ನಿಮಿಷದ ಗಮನ ಸಾಕು.

2. ವೇಗದ ಅರಿವು

ಸಾಮಾನ್ಯವಾಗಿ ಬಳಕೆಯಲ್ಲಿರುವ 4 ಇಂಚಿನ, ಅಂದರೆ 100 ಮಿ.ಮೀ. ವೀಲ್‌ನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಎಂದರೆ ಸೆಕೆಂಡಿಗೆ 180ಕ್ಕೂ ಹೆಚ್ಚು ಸುತ್ತು. ಒಂದು ಸುತ್ತಿಗೆ ವೀಲ್‌ನ ಅಂಚು ಸುಮಾರು 31 ಸೆಂ.ಮೀ. ಚಲಿಸುವುದರಿಂದ, ಅಂಚಿನ ವೇಗ ಸೆಕೆಂಡಿಗೆ 57 ಮೀಟರ್, ಗಂಟೆಗೆ 200 ಕಿ.ಮೀ.ಗೂ ಅಧಿಕ. ವೀಲ್ ಒಡೆದರೆ ಅದರ ಚೂರು ಇದೇ ವೇಗದಲ್ಲಿ ಹಾರುತ್ತದೆ. ಚೂರು ಬರುವುದನ್ನು ಕಂಡು ತಪ್ಪಿಸಿಕೊಳ್ಳುವಷ್ಟು ಸಮಯ ಯಾರಿಗೂ ದೊರೆಯುವುದಿಲ್ಲ. ಎಚ್ಚರಿಕೆಯೆಲ್ಲವೂ ಸ್ವಿಚ್ ಒತ್ತುವ ಮೊದಲೇ ಇರಬೇಕೆನ್ನುವುದಕ್ಕೆ ಇದೇ ಕಾರಣ.

3. ಗಾರ್ಡ್ ಮತ್ತು ವೀಲ್

ಗ್ರೈಂಡರ್‌ನ ವೀಲ್‌ಗೆ ಅರ್ಧದಷ್ಟು ಸುತ್ತಲೂ ಇರುವ ಲೋಹದ ಕವಚವೇ ಗಾರ್ಡ್. ವೀಲ್ ಒಡೆದಾಗ ಚೂರುಗಳು ಕೆಲಸಗಾರನ ಕಡೆಗೆ ಬಾರದಂತೆ ತಡೆಯುವುದು ಅದರ ಕಾರ್ಯ. ಕಾಮಗಾರಿ ಸ್ಥಳಗಳಲ್ಲಿ ಮೊದಲು ಕಾಣೆಯಾಗುವ ಭಾಗವೂ ಇದೇ. ಇಕ್ಕಟ್ಟಾದ ಮೂಲೆಗೆ ಯಂತ್ರ ಹೋಗುವುದಿಲ್ಲ, ಕತ್ತರಿಸುವ ಗೆರೆ ಕಾಣುವುದಿಲ್ಲ, ದೊಡ್ಡ ವೀಲ್ ಹಿಡಿಸುವುದಿಲ್ಲ ಎಂಬ ಕಾರಣಗಳಿಗೆ ಅದನ್ನು ಬಿಚ್ಚಿಡಲಾಗುತ್ತದೆ.

ಇವುಗಳಲ್ಲಿ ಮೂರನೆಯ ಕಾರಣ ಅತ್ಯಂತ ಅಪಾಯಕಾರಿ. ಪ್ರತಿ ವೀಲ್‌ನ ಮೇಲೆ ಅದು ತಾಳಬಲ್ಲ ಗರಿಷ್ಠ ಸುತ್ತುಗಳ ಸಂಖ್ಯೆ ಮುದ್ರಿತವಾಗಿರುತ್ತದೆ. ಸಾಮಾನ್ಯ ಕಟಿಂಗ್ ವೀಲ್‌ಗಳ ಅಂಚಿನ ವೇಗದ ಮಿತಿ ಸೆಕೆಂಡಿಗೆ 80 ಮೀಟರ್. ಅದರಂತೆ 7 ಇಂಚಿನ, ಅಂದರೆ 180 ಮಿ.ಮೀ. ವೀಲ್‌ಗೆ ನಿಮಿಷಕ್ಕೆ ಸುಮಾರು 8,500 ಸುತ್ತು ಮಾತ್ರ ಸುರಕ್ಷಿತ. ಅದನ್ನು 11,000 ಸುತ್ತಿನ ಸಣ್ಣ ಯಂತ್ರಕ್ಕೆ ಹಾಕಿದರೆ ಅಂಚಿನ ವೇಗ ಸೆಕೆಂಡಿಗೆ 104 ಮೀಟರ್ ತಲುಪುತ್ತದೆ. ವೀಲನ್ನು ಹೊರಕ್ಕೆ ಸೀಳುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಆ ಬಲ ಮಿತಿಗಿಂತ ಸುಮಾರು 1.7 ಪಟ್ಟು ಆಗುತ್ತದೆ. ನಡುವಿನ ರಂಧ್ರದ ಅಳತೆಯೂ ಹೊಂದದ ಕಾರಣ ವಾಷರ್ ಸೇರಿಸಿ ಬಿಗಿಯಲಾಗುತ್ತದೆ. ವೀಲ್ ನಡು ತಪ್ಪಿ ಅದುರತೊಡಗುತ್ತದೆ. ಮಿತಿ ಮೀರಿದ ವೇಗ, ಅದುರುವ ವೀಲ್, ಇಲ್ಲದ ಗಾರ್ಡ್ ಈ ಮೂರೂ ಒಂದೆಡೆ ಸೇರಿದ ಯಂತ್ರವನ್ನು ಕಂಡ ಕೂಡಲೇ ಕೆಲಸ ನಿಲ್ಲಿಸತಕ್ಕದ್ದು.

ಮರ ಕತ್ತರಿಸಲು ಗರಗಸದ ಹಲ್ಲುಗಳಿರುವ ಬ್ಲೇಡನ್ನು ಗ್ರೈಂಡರ್‌ಗೆ ಹಾಕುವ ರೂಢಿಯೂ ಹಳ್ಳಿಗಳಲ್ಲಿದೆ. ಹಲ್ಲು ಮರದಲ್ಲಿ ಕಚ್ಚಿಕೊಂಡ ಕ್ಷಣವೇ ಯಂತ್ರ ಕೈಯಿಂದ ಚಿಮ್ಮಿ ತೊಡೆ, ಹೊಟ್ಟೆ ಅಥವಾ ಕುತ್ತಿಗೆಯ ಕಡೆಗೆ ಹಾರುತ್ತದೆ. ಮರದ ಕೆಲಸಕ್ಕೆ ಮರದ ಯಂತ್ರವನ್ನೇ ಬಳಸಬೇಕು.

ವೀಲ್ ಕುರಿತ ಇತರ ನಿಯಮಗಳು ಹೀಗಿವೆ:

• ತೆಳುವಾದ ಕಟಿಂಗ್ ವೀಲ್ ಕತ್ತರಿಸಲು ಮಾತ್ರ. ಅದರ ಪಕ್ಕದಿಂದ ಉಜ್ಜಿದರೆ ಬಾಗಿ ಒಡೆಯುತ್ತದೆ. ಉಜ್ಜಲು ದಪ್ಪನೆಯ ಗ್ರೈಂಡಿಂಗ್ ವೀಲ್ ಬೇರೆಯೇ ಇದೆ.
• ಬಿರುಕು ಬಿಟ್ಟ, ಅಂಚು ಮುರಿದ, ನೀರಿನಲ್ಲಿ ನೆನೆದ ವೀಲನ್ನು ಎಸೆಯಬೇಕು. ನಡುವಿನ ಲೋಹದ ಬಳೆಯ ಮೇಲೆ ಬಳಕೆಯ ಅವಧಿ ಮುದ್ರಿತವಾಗಿದ್ದರೆ ಅದನ್ನೂ ನೋಡಬೇಕು.
• ವೀಲ್ ಬದಲಿಸುವ ಮೊದಲು ಪ್ಲಗ್ ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು.
• ಹೊಸ ವೀಲ್ ಹಾಕಿದ ಮೇಲೆ ಪಕ್ಕಕ್ಕೆ ಸರಿದು ನಿಂತು, ಏನನ್ನೂ ಮುಟ್ಟಿಸದೆ ಒಂದು ನಿಮಿಷ ಓಡಿಸಿ ನೋಡಬೇಕು.

4. ಯಂತ್ರ ಹಿಂದಕ್ಕೆ ಒದೆಯುವುದು

ಕತ್ತರಿಸುತ್ತಿರುವ ವಸ್ತು ವೀಲನ್ನು ಎರಡೂ ಬದಿಯಿಂದ ಹಿಡಿದುಕೊಂಡಾಗ ಯಂತ್ರ ಹಿಂದಕ್ಕೆ ಒದೆಯುತ್ತದೆ. ಇದಕ್ಕೆ ಮುಖ್ಯ ಕಾರಣ ವಸ್ತುವಿಗೆ ಕೊಟ್ಟ ಆಸರೆ ತಪ್ಪಾಗಿರುವುದು. ಜಿ.ಐ. ಪೈಪನ್ನು ಎರಡು ತುದಿಗಳಲ್ಲಿ ಕಲ್ಲಿನ ಮೇಲಿಟ್ಟು ನಡುವೆ ಕತ್ತರಿಸಿದರೆ, ಕೊನೆಯ ಹಂತದಲ್ಲಿ ಪೈಪು ಕೆಳಕ್ಕೆ ಬಾಗಿ ಸೀಳು ಮುಚ್ಚಿಕೊಳ್ಳುತ್ತದೆ, ವೀಲ್ ಸಿಕ್ಕಿಕೊಳ್ಳುತ್ತದೆ. ಕತ್ತರಿಸುವ ಜಾಗದ ಪಕ್ಕದಲ್ಲಿಯೇ ಭದ್ರವಾದ ಆಸರೆ ಕೊಟ್ಟು, ತುಂಡಾಗುವ ತುದಿ ತಾನಾಗಿ ಕೆಳಕ್ಕೆ ಬೀಳುವಂತೆ ಬಿಟ್ಟರೆ ಸೀಳು ತೆರೆದುಕೊಳ್ಳುತ್ತದೆ. ಕಾಲಿನಿಂದ ಒತ್ತಿ ಹಿಡಿದು, ಅಥವಾ ಇನ್ನೊಬ್ಬನ ಕೈಗೆ ಹಿಡಿಯಲು ಕೊಟ್ಟು ಕತ್ತರಿಸಕೂಡದು.

ಯಂತ್ರವನ್ನು ಯಾವಾಗಲೂ ಎರಡು ಕೈಗಳಿಂದ ಹಿಡಿಯಬೇಕು. ಪಕ್ಕದ ಹಿಡಿಯನ್ನು ಬಿಚ್ಚಿಟ್ಟು ಒಂದೇ ಕೈಯಲ್ಲಿ ಕೆಲಸ ಮಾಡುವುದು ಅಪಾಯಕರ. ಕೆಲಸಗಾರನು ವೀಲ್ ತಿರುಗುವ ನೇರಕ್ಕೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಬೇಕು. ಯಂತ್ರವನ್ನು ಹೆಗಲಿಗಿಂತ ಎತ್ತರದಲ್ಲಿ ಹಿಡಿದೋ ಅಲುಗಾಡುವ ಏಣಿಯ ಮೇಲೆ ನಿಂತೋ ಕತ್ತರಿಸಕೂಡದು.

5. ವಿದ್ಯುತ್ ಮತ್ತು ಸ್ವಿಚ್

ಗ್ರಾಮೀಣ ಪ್ರದೇಶದಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಅನೇಕ ಗ್ರೈಂಡರ್‌ಗಳ ಸ್ವಿಚ್ಚನ್ನು ಮುಂದಕ್ಕೆ ತಳ್ಳಿದರೆ ಅದು ಅಲ್ಲಿಯೇ ಕಚ್ಚಿಕೊಂಡು ನಿಲ್ಲುತ್ತದೆ. ಕೆಲಸದ ನಡುವೆ ಕರೆಂಟ್ ಹೋದಾಗ ಯಂತ್ರ ನಿಲ್ಲುತ್ತದೆ. ಕೆಲಸಗಾರನು ಅದನ್ನು ನೆಲಕ್ಕಿಟ್ಟು ನೀರು ಕುಡಿಯಲು ಹೋಗುತ್ತಾನೆ. ಸ್ವಿಚ್ ಮಾತ್ರ ಚಾಲೂ ಸ್ಥಿತಿಯಲ್ಲಿಯೇ ಇರುತ್ತದೆ. ಕರೆಂಟ್ ಮರಳಿ ಬಂದೊಡನೆ, ಹಿಡಿದವರಿಲ್ಲದ ಯಂತ್ರ ತಾನಾಗಿ ತಿರುಗತೊಡಗಿ ನೆಲದ ಮೇಲೆ ಹಾರಾಡುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ವೀಲ್ ಬದಲಿಸುತ್ತಿದ್ದರಂತೂ ಬೆರಳುಗಳು ಉಳಿಯುವುದು ಕಷ್ಟ. ಕರೆಂಟ್ ಹೋದಾಗ ಮೊದಲು ಸ್ವಿಚ್ ಹಿಂದಕ್ಕೆ, ಅನಂತರ ಪ್ಲಗ್ ಹೊರಕ್ಕೆ ಎಂಬುದು ಪ್ರತಿಯೊಬ್ಬ ಕೆಲಸಗಾರನಿಗೂ ರೂಢಿಯಾಗಬೇಕು. ಒತ್ತಿ ಹಿಡಿದಿರುವವರೆಗೆ ಮಾತ್ರ ಚಾಲೂ ಇರುವ ಸ್ವಿಚ್‌ನ ಯಂತ್ರಗಳೂ ದೊರೆಯುತ್ತವೆ. ಪಂಚಾಯತಿ ಹೊಸದಾಗಿ ಖರೀದಿಸುವಾಗ ಅಂಥವಕ್ಕೆ ಆದ್ಯತೆ ನೀಡುವುದು ಒಳ್ಳೆಯದು.

ಸ್ವಿಚ್ ಆರಿಸಿದ ಮೇಲೂ ವೀಲ್ ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಪೂರ್ತಿ ನಿಂತ ಮೇಲೆಯೇ ಯಂತ್ರವನ್ನು ಕೆಳಗಿಡಬೇಕು.

ಬೀದಿ ದೀಪದ ಕಂಬದಿಂದ ಕೊಕ್ಕೆ ಹಾಕಿ, ಅಥವಾ ಪ್ಲಗ್ ಇಲ್ಲದ ತಂತಿಯ ತುದಿಗಳನ್ನು ಕಡ್ಡಿ ಚುಚ್ಚಿ ಸಾಕೆಟ್‌ಗೆ ಸಿಕ್ಕಿಸಿ ವಿದ್ಯುತ್ ಪಡೆಯಕೂಡದು. ಸಂಪರ್ಕಕ್ಕೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರಬೇಕು. ಸೋರಿಕೆಯಾದೊಡನೆ ಅದು ವಿದ್ಯುತ್ತನ್ನು ಕಡಿದುಹಾಕುತ್ತದೆ. ಯಂತ್ರದ ಮೇಲೆ ಚೌಕದೊಳಗೆ ಚೌಕದ ಚಿಹ್ನೆ ಇದ್ದರೆ ಅದಕ್ಕೆ ಎರಡು ಪದರದ ನಿರೋಧಕವಿದೆಯೆಂದು ಅರ್ಥ. ಆ ಚಿಹ್ನೆ ಇಲ್ಲದ ಲೋಹದ ಮೈಯ ಯಂತ್ರಕ್ಕೆ ಅರ್ಥಿಂಗ್ ಕಡ್ಡಾಯ. ಟೇಪು ಸುತ್ತಿದ ಜೋಡಣೆಗಳು ಒದ್ದೆ ನೆಲದ ಮೇಲೆ ಬಿದ್ದಿರಬಾರದು.

6. ಕಣ್ಣು, ಉಸಿರು, ಉಡುಪು

ಕಣ್ಣಿನ ಸುತ್ತಲೂ ಮುಚ್ಚುವ ಗಾಗಲ್ಸ್ ಅನಿವಾರ್ಯ. ತಂಪು ಕನ್ನಡಕ ಅದಕ್ಕೆ ಬದಲಿಯಲ್ಲ. ಕತ್ತರಿಸುವಾಗ ಗಾಗಲ್ಸ್ ಜೊತೆಗೆ ಮುಖ ಮುಚ್ಚುವ ಪಾರದರ್ಶಕ ಶೀಲ್ಡ್ ಇರುವುದು ಉತ್ತಮ. ಕಿವಿಗೆ ರಕ್ಷಣೆ, ಕಾಲಿಗೆ ಶೂ ಬೇಕು, ಚಪ್ಪಲಿ ಸಲ್ಲದು. ಲುಂಗಿ, ಹೆಗಲ ಮೇಲಿನ ಟವೆಲ್, ಇಳಿಬಿದ್ದ ಸೆರಗು, ದುಪಟ್ಟಾ, ಜಡೆ, ಸಡಿಲವಾದ ಬಟ್ಟೆಯ ಕೈಗವಸು ಇವೆಲ್ಲವೂ ವೀಲ್‌ಗೆ ಸುತ್ತಿಕೊಳ್ಳುವಂಥವು. ಕೈಗವಸು ಹಾಕುವುದಾದರೆ ಕೈಗೆ ಬಿಗಿಯಾಗಿ ಕೂರುವ ಚರ್ಮದ್ದನ್ನು ಹಾಕಬೇಕು.

ಕಾಂಕ್ರೀಟ್, ಗ್ರಾನೈಟ್, ಟೈಲ್ಸ್ ಕತ್ತರಿಸುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿಯೇ ಉಳಿಯುತ್ತವೆ. ಅವುಗಳಿಂದ ಬರುವ ಸಿಲಿಕೋಸಿಸ್ ಗುಣವಾಗುವ ಕಾಯಿಲೆಯಲ್ಲ. ಸಿಲಿಕೋಸಿಸ್ ಇರುವವರಿಗೆ ಕ್ಷಯರೋಗ ತಗಲುವ ಸಂಭವವೂ ಹೆಚ್ಚು. ಮುಖಕ್ಕೆ ಕಟ್ಟಿದ ಟವೆಲ್ ಈ ಧೂಳನ್ನು ತಡೆಯದು. ಕನಿಷ್ಠ ಎನ್-95 ಮಾಸ್ಕ್ ಬೇಕು. ಸಾಮಾನ್ಯ ಗ್ರೈಂಡರ್ ಮೇಲೆ ಚೊಂಬಿನಿಂದ ನೀರು ಸುರಿದು ಧೂಳು ಅಡಗಿಸುವುದು ವಿದ್ಯುತ್ ಆಘಾತಕ್ಕೆ ದಾರಿ. ರಸ್ತೆಯ ಉದ್ದಕ್ಕೂ ಸೀಳಬೇಕಾದಾಗ ನೀರಿನ ತೊಟ್ಟಿಯಿರುವ, ಎಂಜಿನ್ ಚಾಲಿತ ರಸ್ತೆ ಕತ್ತರಿಸುವ ಯಂತ್ರವನ್ನು ಬಾಡಿಗೆಗೆ ತರಿಸುವುದು ಸೂಕ್ತ.

7. ಗ್ರೈಂಡರ್ ಬಳಸಲೇಬಾರದ ಕೆಲಸಗಳು

• ಹಳೆಯ ಎ.ಸಿ. ಪೈಪು ಹಾಗೂ ಚಾವಣಿಯ ಕಲ್ನಾರು ಶೀಟು: ಇವುಗಳ ಧೂಳಿನಲ್ಲಿ ಕ್ಯಾನ್ಸರ್ ಉಂಟುಮಾಡುವ ಕಲ್ನಾರಿನ ಎಳೆಗಳಿರುತ್ತವೆ. ಇವುಗಳಿಗೆ ಗ್ರೈಂಡರ್ ತಾಗಿಸಕೂಡದು. ಪೈಪು ದುರಸ್ತಿಗೆ ಬಂದಾಗ ಎಂಜಿನಿಯರ್ ಸಲಹೆ ಪಡೆದೇ ಮುಂದುವರಿಯಬೇಕು.
• ಡೀಸೆಲ್, ಪೇಂಟ್ ಅಥವಾ ಕೀಟನಾಶಕದ ಖಾಲಿ ಡ್ರಮ್: ಒಳಗುಳಿದ ಆವಿಗೆ ಕಿಡಿ ತಾಗಿ ಸ್ಫೋಟವಾಗಬಹುದು. ಕಸದ ತೊಟ್ಟಿ ಮಾಡುವ ಸಲುವಾಗಿ ಇವುಗಳನ್ನು ಕತ್ತರಿಸಬಾರದು.
• ಪಿ.ವಿ.ಸಿ. ಮತ್ತು ಎಚ್.ಡಿ.ಪಿ.ಇ. ಪೈಪು: ಶಾಖಕ್ಕೆ ಕರಗಿ ವೀಲ್‌ಗೆ ಅಂಟುತ್ತವೆ. ಹ್ಯಾಕ್ಸಾ ಬ್ಲೇಡ್ ಅಥವಾ ಪೈಪ್ ಕಟರ್ ಸಾಕು.
• ಹುಲ್ಲಿನ ಬಣವೆ, ಒಣ ಸೋಗೆ, ಗ್ಯಾಸ್ ಸಿಲಿಂಡರ್ ಇರುವ ಜಾಗ: ಕಿಡಿಗಳು ಹಲವು ಮೀಟರ್ ದೂರ ಹಾರುತ್ತವೆ. ಸಮೀಪದಲ್ಲಿ ನೀರು ಹಾಗೂ ಮರಳಿನ ಬಕೆಟ್ ಇಟ್ಟುಕೊಂಡು ಬೇರೆಡೆ ಕತ್ತರಿಸಬೇಕು.

ಶಾಲೆ, ಅಂಗನವಾಡಿಗಳಲ್ಲಿ ಈ ಕೆಲಸವನ್ನು ಮಕ್ಕಳಿಲ್ಲದ ವೇಳೆಯಲ್ಲಿ ಮಾತ್ರ ಕೈಗೊಳ್ಳಬೇಕು.

8. ಅವಘಡವಾದಾಗ

ಕಬ್ಬಿಣದ ಕಣ ಕಣ್ಣಿಗೆ ಬಿದ್ದರೆ ಉಜ್ಜಬಾರದು. ಸೆರಗಿನ ತುದಿ, ಬೆಂಕಿಕಡ್ಡಿ, ನಾಲಿಗೆ ಮುಂತಾದವುಗಳಿಂದ ತೆಗೆಯುವ ರೂಢಿ ಕಣ್ಣಿಗೆ ಹೆಚ್ಚಿನ ಹಾನಿ ಮಾಡುತ್ತದೆ. ಶುದ್ಧ ನೀರಿನಿಂದ ತೊಳೆದು, ಕಣ ಹೋದಂತೆ ತೋರಿದರೂ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಕರಿಗುಡ್ಡೆಗೆ ಅಂಟಿಕೊಂಡ ಕಬ್ಬಿಣ ಕೆಲವೇ ಗಂಟೆಗಳಲ್ಲಿ ತುಕ್ಕು ಬಿಡತೊಡಗುತ್ತದೆ. ಚೂರು ಕಣ್ಣಿಗೆ ನಾಟಿದ್ದರೆ ತೊಳೆಯದೆ, ಕೀಳದೆ, ಒತ್ತದೆ, ಮೇಲೆ ಕಾಗದದ ಲೋಟ ಮುಚ್ಚಿ 108ಕ್ಕೆ ಕರೆ ಮಾಡಬೇಕು.

ಗಾಯದಿಂದ ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯಬೇಕು. ಕಾಫಿಪುಡಿ, ಅರಿಶಿನ, ಸುಣ್ಣ ಹಾಕಬಾರದು. ಬೆರಳು ತುಂಡಾಗಿದ್ದರೆ ಅದನ್ನು ತೇವವಾದ ಶುಚಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಗಾಯಾಳುವಿನ ಜೊತೆಯಲ್ಲೇ ಕಳುಹಿಸಬೇಕು. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು.

9. ಪಂಚಾಯತಿಯ ಹೊಣೆ

ಗಾರ್ಡ್ ಬಿಚ್ಚಿಟ್ಟು ಕೆಲಸ ಮಾಡುವವನು ಬಹುತೇಕ ದಿನಗೂಲಿಯವನು. ಯಂತ್ರ ಅವನದಲ್ಲ, ವೀಲ್ ಕೊಂಡವನು ಅವನಲ್ಲ. "ಇದು ಬೇಡ" ಎನ್ನುವ ಸ್ಥಿತಿಯಲ್ಲೂ ಅವನಿರುವುದಿಲ್ಲ. ಅವನ ಪರವಾಗಿ ಆ ಮಾತನ್ನು ಆಡಬಲ್ಲವರು ಕಾಮಗಾರಿಯನ್ನು ವೀಕ್ಷಿಸುವ ಜನಪ್ರತಿನಿಧಿಗಳು. ಆದುದರಿಂದ ಈ ಕ್ರಮಗಳನ್ನು ಪರಿಗಣಿಸಬಹುದು:

• ಗಾರ್ಡ್ ಮತ್ತು ಪಕ್ಕದ ಹಿಡಿ ಇಲ್ಲದ ಗ್ರೈಂಡರ್ ಬಳಸುವಂತಿಲ್ಲ. ಗಾಗಲ್ಸ್, ಮಾಸ್ಕ್, ಶೂಗಳನ್ನು ಗುತ್ತಿಗೆದಾರನೇ ಒದಗಿಸತಕ್ಕದ್ದು ಎಂಬ ಷರತ್ತನ್ನು ಕಾರ್ಯಾದೇಶದಲ್ಲಿ ಸೇರಿಸಲು ಸಾಮಾನ್ಯ ಸಭೆಯಲ್ಲಿ ನಿರ್ಣಯ ಕೈಗೊಳ್ಳುವುದು.
• ಪಂಚಾಯತಿಯ ಸ್ವಂತ ಯಂತ್ರಕ್ಕೆ ವಹಿ ಇಟ್ಟು, ನೀರುಗಂಟಿಗೆ ನೀಡುವಾಗ ಮತ್ತು ಹಿಂಪಡೆಯುವಾಗ ಸ್ಥಿತಿಯನ್ನು ದಾಖಲಿಸುವುದು.
• ಅರ್ಹ ಕಾರ್ಮಿಕರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾಗಿದ್ದಾರೆಯೇ ಎಂದು ವಿಚಾರಿಸಿ, ಇಲ್ಲದವರಿಗೆ ನೆರವಾಗುವುದು. ಗಾಯವಾದ ಮೇಲೆ ನೋಂದಣಿಗೆ ಓಡಾಡಿದರೆ ಪ್ರಯೋಜನವಿಲ್ಲ.
• ದೋಷ ಕಂಡಾಗ ಪಂಚಾಯತಿ ಅಭಿವೃದ್ಧಿ ಅಧಿಕಾರಿ ಹಾಗೂ ಕಾಮಗಾರಿಯ ಎಂಜಿನಿಯರ್ ಗಮನಕ್ಕೆ ಅಂದೇ ತರುವುದು.

ಯಂತ್ರ ಚಾಲೂ ಇರುವಾಗ ಸದಸ್ಯರು ಹಿಂದಿನಿಂದ ಹೋಗಿ ಕೆಲಸಗಾರನ ಹೆಗಲು ಮುಟ್ಟುವುದಾಗಲಿ, ಕೂಗಿ ಕರೆಯುವುದಾಗಲಿ ಸಲ್ಲದು. ಕಿಡಿ ಹಾರುವ ದಿಕ್ಕನ್ನು ಬಿಟ್ಟು, ದೂರದಲ್ಲಿ ಅವನ ಕಣ್ಣಿಗೆ ಬೀಳುವಂತೆ ನಿಂತು, ವೀಲ್ ಪೂರ್ತಿ ನಿಂತ ಮೇಲೆ ಮಾತನಾಡಿಸಬೇಕು.

10. ಸ್ಥಳ ಪರಿಶೀಲನೆಯ ಆರು ಪ್ರಶ್ನೆಗಳು

1. ಗಾರ್ಡ್ ಮತ್ತು ಪಕ್ಕದ ಹಿಡಿ ಇವೆಯೇ?
2. ವೀಲ್ ಮೇಲೆ ಮುದ್ರಿತವಾದ ಸುತ್ತುಗಳ ಸಂಖ್ಯೆ ಯಂತ್ರದ ಸುತ್ತುಗಳಿಗಿಂತ ಹೆಚ್ಚಿದೆಯೇ?
3. ಪ್ಲಗ್, ತಂತಿ, ಆರ್‌ಸಿಸಿಬಿ ಸರಿಯಾಗಿವೆಯೇ?
4. ಗಾಗಲ್ಸ್, ಮಾಸ್ಕ್, ಶೂ ಧರಿಸಿದ್ದಾರೆಯೇ?
5. ಕತ್ತರಿಸುವ ವಸ್ತುವಿಗೆ ಭದ್ರವಾದ ಆಸರೆ ಇದೆಯೇ?
6. ಸುತ್ತಲೂ ಕನಿಷ್ಠ 5 ಮೀಟರ್ ಅಂತರದಲ್ಲಿ ಜನರು, ಮಕ್ಕಳು, ಬೆಂಕಿ ತಗಲುವ ವಸ್ತುಗಳು ಇಲ್ಲವೇ?

ಯಾವುದೇ ಒಂದು ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಬಂದರೆ, ಅದು ಸರಿಯಾಗುವವರೆಗೆ ಕೆಲಸ ನಿಲ್ಲಿಸುವಂತೆ ಸೂಚಿಸುವುದು.

ಸಭೆಯ ಚಟುವಟಿಕೆ: ಮುಂದಿನ ಸಾಮಾನ್ಯ ಸಭೆಗೆ ಮೊದಲು ಪ್ರತಿ ಸದಸ್ಯರು ತಮ್ಮ ವಾರ್ಡಿನಲ್ಲಿ ನಡೆಯುತ್ತಿರುವ ಒಂದು ಕಾಮಗಾರಿಯನ್ನು ಈ ಆರು ಪ್ರಶ್ನೆಗಳೊಂದಿಗೆ ವೀಕ್ಷಿಸಿ, ಉತ್ತರಗಳನ್ನು ಬರೆದು ತರುವುದು. ಎಲ್ಲಿ ಗಾರ್ಡ್ ಇರಲಿಲ್ಲ, ಅದನ್ನು ಯಾವ ಕಾರಣಕ್ಕೆ ಬಿಚ್ಚಲಾಗಿತ್ತು ಎಂಬುದನ್ನು ಸಭೆಯಲ್ಲಿ ಚರ್ಚಿಸಿ, ಕಾರ್ಯಾದೇಶದ ಷರತ್ತನ್ನು ಅಂತಿಮಗೊಳಿಸುವುದು.