ಸಸ್ಯಾಹಾರಿಗಳ ರಕ್ತದಲ್ಲಿ ಒಮೆಗಾ-3: ಎಣ್ಣೆ ಡಬ್ಬಿಯಿಂದ ಶುರು ಮಾಡಿ

ನಂಜನಗೂಡಿನ ಸಸ್ಯಾಹಾರಿ ಮನೆಯ ಮುದ್ದೆ-ಉಪ್ಸಾರಿಗೂ ತಿ. ನರಸೀಪುರದ ಹೊಳೆಮೀನಿನ ಸಾರಿಗೂ ಇರುವ ವ್ಯತ್ಯಾಸ ರಕ್ತದಲ್ಲೂ ಕಾಣುತ್ತದೆ. 2005ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಮಾಂಸಾಹಾರಿ ಗಂಡಸರಿಗಿಂತ ಸಸ್ಯಾಹಾರಿಗಳ ರಕ್ತದಲ್ಲಿ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲ ಶೇ 31ರಷ್ಟು ಕಡಿಮೆ ಇತ್ತು. ಹಾಲು, ಮೊಟ್ಟೆಯನ್ನೂ ಬಿಟ್ಟವರಲ್ಲಿ ಶೇ 59ರಷ್ಟು. ಗಾಬರಿ ಬೇಡ. ಸಸ್ಯಾಹಾರಿಗಳಲ್ಲಿ ಕೆಟ್ಟ ಕೊಲೆಸ್ಟರಾಲ್ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ.

ಮೊದಲು ಎಣ್ಣೆ ಡಬ್ಬಿ ನೋಡಿ. ಮಾಮೂಲಿ ಸೂರ್ಯಕಾಂತಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ-6; ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ಗಿಡಮೂಲದ ಒಮೆಗಾ-3 ಆದ ಎಎಲ್‌ಎ, ದೇಹದೊಳಗೆ ಇಪಿಎ (ಇನ್ನೊಂದು ಒಮೆಗಾ-3) ಮತ್ತು ಡಿಎಚ್‌ಎ ಆಗಲು ಬೇಕಾದ ಕಿಣ್ವಕ್ಕೇ ಒಮೆಗಾ-6 ಕೂಡ ಪೈಪೋಟಿ ಮಾಡುತ್ತದೆ. ಹಾಗಾಗಿ ಇಂಥ ಎಣ್ಣೆ ಧಾರಾಳವಾದ ಮನೆಯಲ್ಲಿ ಎಎಲ್‌ಎ ಇರುವ ಅಗಸೆ ತಿಂದೂ ಪ್ರಯೋಜನ ಕಡಿಮೆ. ತಿಂಗಳಿಗೆ ತಲೆಗೆ ಅರ್ಧ ಲೀಟರ್ ಸಾಕು. ನಾಲ್ಕು ಜನರ ಮನೆಗೆ ಎರಡು ಲೀಟರ್ ತಂದು ಅದರಲ್ಲೇ ತೂಗಿಸಿ. ಒಂದು ತಿಂಗಳು ಸೂರ್ಯಕಾಂತಿಯ ಬದಲು ಕಡಲೆಕಾಯಿ ಎಣ್ಣೆ ಬಳಸಿ. ಸಾಸಿವೆ ಎಣ್ಣೆಯಲ್ಲಿ ಒಮೆಗಾ-3 ಇದೆ, ಆದರೆ ಆ ಘಾಟು ನಮ್ಮ ಒಗ್ಗರಣೆಗೆ ಒಗ್ಗದು, ಬಿಡಿ. ಹುಚ್ಚೆಳ್ಳು ಚಟ್ನಿಯನ್ನು ರುಚಿಗೆ ತಿನ್ನಿ, ಅದರ ಎಣ್ಣೆಯೂ ಬಹುಪಾಲು ಒಮೆಗಾ-6.

ಆಮೇಲೆ ಅಗಸೆ ಬೀಜ. ಇಡಿಯಾಗಿ ನುಂಗಿದರೆ ಹೆಚ್ಚಿನದು ಹಾಗೇ ಹೊರಹೋಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಚಟಪಟ ಸಿಡಿಯುವವರೆಗಷ್ಟೇ ಹುರಿದು, ಆರಿಸಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಹಾಕಿ ಪುಡಿ ಮಾಡಿ. ವಾರಕ್ಕಾಗುವಷ್ಟೇ ಮಾಡಿ, ಹಳತಾದರೆ ಕಮಟು ವಾಸನೆ ಬರುತ್ತದೆ. ಒಂದು ದೊಡ್ಡ ಚಮಚ ಅಗಸೆ ಪುಡಿಯಲ್ಲಿ ಸುಮಾರು 1.5 ಗ್ರಾಂ ಎಎಲ್‌ಎ ಇರುತ್ತದೆ, ವಯಸ್ಕರ ದಿನದ ಅಗತ್ಯವೂ ಹೆಚ್ಚುಕಡಿಮೆ ಅಷ್ಟೇ. ಚಿಯಾ ಕೂಡ ಆದೀತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಪ್ರೋತ್ಸಾಹದಿಂದ ಅದನ್ನು ನಮ್ಮ ಮೈಸೂರು ಜಿಲ್ಲೆಯ ರೈತರೂ ಬೆಳೆದಿದ್ದಾರೆ.

ಆದರೆ ಎಎಲ್‌ಎ ಡಿಎಚ್‌ಎ ಆಗಿ ಮಾರ್ಪಡುವುದು ತೀರ ಅಲ್ಪ. ಬಸುರಿ, ಬಾಣಂತಿಯರಾದ ಸಸ್ಯಾಹಾರಿಗಳು ಪಾಚಿಯಿಂದ ತೆಗೆದ ಡಿಎಚ್‌ಎ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಕೇಳದೆ ಏನನ್ನೂ ಶುರು ಮಾಡಬೇಡಿ.

ಮೀನು ತಿನ್ನುವವರು ವಾರಕ್ಕೆರಡು ಸಲ ಸಾರು ಮಾಡಿಕೊಳ್ಳಿ. ಬೂತಾಯಿ, ಬಂಗುಡೆ ಸಿಕ್ಕರೆ ಇನ್ನೂ ಒಳ್ಳೆಯದು, ಹೊಳೆಮೀನಿಗಿಂತ ಅವುಗಳಲ್ಲಿ ಒಮೆಗಾ-3 ಹೆಚ್ಚು. ತಲಕಾಡಿಗೆ ಹೋದಾಗ ತಿನ್ನುವ ಗರಿಗರಿ ಫ್ರೈ ಲೆಕ್ಕಕ್ಕಿಲ್ಲ; ಅಲ್ಲಿ ಮೀನಿನ ಜೊತೆ ಬಾಣಲೆಯ ಎಣ್ಣೆಯೂ ಹೊಟ್ಟೆಗೆ ಹೋಗುತ್ತದೆ.

ಕೊನೆಗೆ ಪರೀಕ್ಷೆ. ಲ್ಯಾಬಿನ ಸಾಮಾನ್ಯ ಲಿಪಿಡ್ ಪ್ರೊಫೈಲ್ ಒಮೆಗಾ-3 ಎಷ್ಟಿದೆ ಎಂದು ಹೇಳುವುದಿಲ್ಲ. ಅದರಲ್ಲಿ ಟ್ರೈಗ್ಲಿಸರೈಡ್ 150 ದಾಟಿದ್ದರೆ ಬಿಳಿ ಅನ್ನ, ಸಕ್ಕರೆ, ಬೆಲ್ಲ, ಮದ್ಯ ಇಳಿಸಿ. ಒಮೆಗಾ-3 ಅಳೆಯಲು ಕೆಂಪು ರಕ್ತಕಣದ ಪರೀಕ್ಷೆ ಬೇರೆಯೇ ಇದೆ. ಆ ಕಣಗಳ ಆಯಸ್ಸು ಸುಮಾರು 120 ದಿನ. ಊಟ ಬದಲಿಸಿ ನಾಲ್ಕು ತಿಂಗಳಾಗುವ ಮುಂಚೆ ಅದಕ್ಕೆ ದುಡ್ಡು ಕೊಡಬೇಡಿ.