ಕಳೆದುಹೋದ ದೃಷ್ಟಿ ಮತ್ತು ಕರೆಂಟ್ ಚಿಕಿತ್ಸೆ

“ತಲೆಗೆ ಸಣ್ಣ ಕರೆಂಟ್ ಕೊಟ್ಟರೆ ಹೋದ ಕಣ್ಣು ಬರುತ್ತದಂತೆ, ನಿಜವೇ?” ತಿತಿಮತಿ ಕಡೆಯ ರೋಗಿಗಳ ಮನೆಯವರೂ ಈಗ ಹೀಗೆ ಕೇಳುತ್ತಾರೆ. ಉತ್ತರಕ್ಕೆ ಮೊದಲು ಕಣ್ಣು ಯಾವ ಕಾರಣದಿಂದ ಮಂಜಾಗಿದೆ ಎಂಬುದು ಗೊತ್ತಾಗಬೇಕು.

ಪೊರೆ ಬಂದಿದ್ದರೆ ಕರೆಂಟಿನ ಮಾತೇ ಬೇಡ. ಶಸ್ತ್ರಚಿಕಿತ್ಸೆ ಮಾಡಿ ಕೃತಕ ಮಸೂರ ಹಾಕಿದರೆ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ನಮ್ಮ ನಾಡಿನ ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ನಡೆಸಿ ಲಕ್ಷಾಂತರ ಜನರಿಗೆ ಕಣ್ಣು ಕೊಟ್ಟದ್ದು ಪೊರೆ ತೆಗೆದೇ.

ಗ್ಲಾಕೋಮಾ ಹಾಗಲ್ಲ. ಕಣ್ಣಿನಿಂದ ಮೆದುಳಿಗೆ ಹೋಗುವ ನರದಲ್ಲಿ ಸುಮಾರು 10 ಲಕ್ಷ ಎಳೆಗಳಿವೆ. ಕಣ್ಣಿನ ಒಳಗಿನ ಒತ್ತಡದಿಂದ ಅವು ಒಂದೊಂದಾಗಿ ಸಾಯುತ್ತವೆ. ಹೆಚ್ಚಿನವರಿಗೆ ನೋವಿರುವುದಿಲ್ಲ, ನೋಟ ಅಂಚಿನಿಂದ ಕಿರಿದಾಗುತ್ತಾ ಬರುತ್ತದೆ. ಸತ್ತ ಎಳೆ ಮತ್ತೆ ಚಿಗುರುವುದಿಲ್ಲ.

ಆದರೆ ಪೂರ್ತಿ ಸಾಯದೆ ಮಂಕಾಗಿರುವ ಎಳೆಗಳನ್ನು ಎಚ್ಚರಿಸಬಹುದೇ, ಉಳಿದ ಅಲ್ಪ ಸಂದೇಶವನ್ನು ಮೆದುಳು ಚೆನ್ನಾಗಿ ಬಳಸುವಂತೆ ಮಾಡಬಹುದೇ? ಕರೆಂಟ್ ಚಿಕಿತ್ಸೆಯ ಹಿಂದಿನ ಯೋಚನೆ ಇದು. ಜರ್ಮನಿಯಲ್ಲಿ ನರಕ್ಕೆ ಹಾನಿಯಾದ 82 ರೋಗಿಗಳಲ್ಲಿ ಕೆಲವರಿಗೆ ಕಣ್ಣಿನ ಸುತ್ತ ಪಟ್ಟಿ ಇಟ್ಟು 10 ದಿನ ಸಣ್ಣ ಕರೆಂಟ್ ಕೊಟ್ಟರು, ಉಳಿದವರಿಗೆ ಕೊಟ್ಟಂತೆ ತೋರಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನೋಟದ ಕ್ಷೇತ್ರ ಮೊದಲ ಗುಂಪಿನಲ್ಲಿ ಸರಾಸರಿ ಶೇ. 24, ಎರಡನೆಯದರಲ್ಲಿ ಶೇ. 2.5ರಷ್ಟು ಸುಧಾರಿಸಿತ್ತು. ಕೇಳಲು ಚೆನ್ನಾಗಿದೆ. ಆದರೆ ಅವರೆಲ್ಲ ಸ್ವಲ್ಪ ದೃಷ್ಟಿ ಉಳಿದಿದ್ದವರು. ಪೂರ್ತಿ ಕುರುಡಾದ ಕಣ್ಣಿಗೆ ಈ ಲೆಕ್ಕ ಅನ್ವಯಿಸದು. ಫಿಟ್ಸ್ ಇರುವವರು, ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇದರ ಹತ್ತಿರ ಹೋಗಬಾರದು. ಇದು ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಸಂಶೋಧನೆ ಎಂದು ಹೇಳಿ ರೋಗಿಯಿಂದಲೇ ದುಡ್ಡು ಕೇಳಿದರೆ ಅನುಮಾನ ಪಡಿ. ಅದಕ್ಕಾಗಿ ತೋಟ ಅಡವಿಡುವ ಮಾತನ್ನಂತೂ ಆಡಲೇಬೇಡಿ.

ಧ್ಯಾನದ ವಿಷಯ ಬೇರೆ. ದೆಹಲಿಯ ಏಮ್ಸ್‌ನ ವೈದ್ಯರು 90 ಗ್ಲಾಕೋಮಾ ರೋಗಿಗಳಲ್ಲಿ ಪರೀಕ್ಷಿಸಿ 2018ರಲ್ಲಿ ವರದಿ ಕೊಟ್ಟರು. ದಿನವೂ 60 ನಿಮಿಷದಂತೆ 21 ದಿನ ಧ್ಯಾನ ಮಾಡಿದವರ ಕಣ್ಣಿನ ಒತ್ತಡ ಇಳಿದಿತ್ತು. ಅವರು ಹನಿ ಔಷಧಿ ಬಿಟ್ಟು ಧ್ಯಾನ ಮಾಡಿದವರಲ್ಲ, ಔಷಧಿಯ ಜೊತೆಗೆ ಮಾಡಿದವರು. ಯೋಗ ಎಂದರೆ ಎಲ್ಲವೂ ಒಂದೇ ಅಲ್ಲ: ಶೀರ್ಷಾಸನದಲ್ಲಿ ಕಣ್ಣಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆಂದು ಚೆನ್ನೈನ ಶಂಕರ ನೇತ್ರಾಲಯದ ವೈದ್ಯರು 2006ರಲ್ಲೇ ತೋರಿಸಿದ್ದಾರೆ. ಗ್ಲಾಕೋಮಾ ಇದ್ದವರಿಗೆ ಆ ಆಸನ ಬೇಡ. ಅಕ್ಯುಪಂಕ್ಚರ್‌ನಿಂದ ಗ್ಲಾಕೋಮಾ ಗುಣವಾಗುತ್ತದೆ ಎನ್ನಲು ಸಾಕಷ್ಟು ಆಧಾರ ಸಿಕ್ಕಿಲ್ಲ.

ಮೆಣಸು ಕೊಯ್ಯುವಾಗ, ಕಾಫಿ ಗಿಡ ಕಸಿ ಮಾಡುವಾಗ ಕಡ್ಡಿ ತಗುಲಿದ ಕಣ್ಣಿಗೆ ನಂದಿಬಟ್ಟಲ ಹೂವಿನ ರಸ, ಜೇನು, ಎದೆಹಾಲು ಬಿಡುವುದುಂಟು. ಪ್ರೀತಿಯಿಂದ ಮಾಡುವ ಕೆಲಸವೇ. ಆದರೆ ಗಾಯಕ್ಕೆ ಸೋಂಕು ತಗುಲಿದರೆ ಕಪ್ಪುಗುಡ್ಡೆಯ ಮೇಲೆ ಹುಣ್ಣಾಗಿ ಬಿಳಿ ಕಲೆ ಉಳಿಯುತ್ತದೆ. ಅಂಥ ಕಣ್ಣಿಗೆ ಏನನ್ನೂ ಹಾಕದೆ ಅದೇ ದಿನ ವೈದ್ಯರಿಗೆ ತೋರಿಸಿ.

ಹನಿ ಔಷಧಿ ಹಾಕಿದರೂ ನೋಟ ಹೆಚ್ಚಲಿಲ್ಲ ಎಂದು ಕೆಲವರು ನಿಲ್ಲಿಸುತ್ತಾರೆ. ಹನಿ ಇರುವುದು ಹೆಚ್ಚಿಸಲು ಅಲ್ಲ, ಉಳಿದದ್ದನ್ನು ಉಳಿಸಲು. ಬೇರೆ ಯಾವ ಚಿಕಿತ್ಸೆ ಮಾಡಿಸುತ್ತಿದ್ದರೂ ಮುಚ್ಚಿಡದೆ ವೈದ್ಯರಿಗೆ ತಿಳಿಸಿ. ಬೈಯುವುದಿಲ್ಲ.

ಗ್ಲಾಕೋಮಾ ರಕ್ತಸಂಬಂಧಿಗಳಲ್ಲಿ ಹೆಚ್ಚು ಕಾಣುತ್ತದೆ. ಆದ್ದರಿಂದ ಜೊತೆಗೆ ಬಂದಿರುವ ಅಣ್ಣ, ತಮ್ಮ, ಅಕ್ಕ, ತಂಗಿ, ಮಕ್ಕಳು, 40 ವರ್ಷ ದಾಟಿದ್ದರೆ, ಮನೆಗೆ ಹೊರಡುವ ಮೊದಲು ತಮ್ಮ ಕಣ್ಣಿನ ಒತ್ತಡವನ್ನೂ ಪರೀಕ್ಷೆ ಮಾಡಿಸಿಕೊಳ್ಳಬೇಕು.